ಘಟದಲ್ಲಿ ಒಂಬತ್ತು ದಿನ ಕೂತ ಕ್ರೋಟನ್

ಗುರುವಾರ ಬೆಳಿಗ್ಗೆ ಪುಂಡಿಪಲ್ಲೆ ಸೋಸುತ್ತ ಕೂತಿದ್ದೆ. ಕೆಂಪು ದಂಟಿನಿಂದ ಒಂದೊಂದೇ ಎಲೆ ಕಿತ್ತು ಬುಟ್ಟಿಗೆ ಹಾಕುವ ಕೆಲಸ ನನಗೆ ಬಲು ಇಷ್ಟ. ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ಬಾಯಲ್ಲಿ ದೇವರ ನಾಮ ನಡೆಯುತ್ತದೆ. ಆಗ ಸಂಗೀತಾಳ ಫೋನ್ ಬಂತು. ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ನರ್ಸರಿಯಲ್ಲಿ ಕಡ್ಡಿ ನೆಡುವ ಶೆಡ್ಡನ್ನು ಈಗ ನೋಡಿಕೊಳ್ಳುವವಳು ಅವಳೇ. ಮರಾಠಿಯಲ್ಲಿ ಗಡಿಬಿಡಿಯಿಂದ ಅವಳು ಹೇಳಿದ್ದಿಷ್ಟು: ಮೂಲೆಯ ಕ್ರೋಟನ್ ಹೋಯಿತು. ಈ ಸಲದ ಮಳೆಯಲ್ಲಿ ಕುಂಡದ ತೂತು ಕಟ್ಟಿಕೊಂಡು ನೀರು ನಿಂತಿತ್ತು, ಯಾರೂ ನೋಡಲಿಲ್ಲ, ಇವತ್ತು ಹಿಡಿದು ಅಲ್ಲಾಡಿಸಿದರೆ ಕೊಳೆತ ಬುಡವೇ ಕೈಗೆ ಬಂತು. ಕಾಕಾ ಅವರಿಗೆ ಹೇಳಿಲ್ಲ. ರವಿವಾರ ಅವರು ಬರುತ್ತಾರೆ, ಬಂದ ಕೂಡಲೇ ಗಾಲಿಕುರ್ಚಿಯನ್ನು ಆ ಮೂಲೆಗೇ ತಳ್ಳಿಸಿಕೊಂಡು ಹೋಗುತ್ತಾರೆ. ನಿಮ್ಮ ಬಳಿ ಒಂದಾದರೂ ಉಳಿದಿದೆಯೇ ಅಕ್ಕಾ?

ಕಾಕಾ ಎಂದರೆ ನರ್ಸರಿಯ ಮಾಲೀಕರು. ಚಿಕ್ಕೋಡಿ ಕಡೆಯವರು, ಪುಣೆಗೆ ಬಂದು ಐವತ್ತು ವರ್ಷದ ಮೇಲಾಯಿತು. ಈಗ ಎಂಬತ್ತು ದಾಟಿದ್ದಾರೆ, ಕಾಲು ಸೋತಿದೆ. ಬಣ್ಣದೆಲೆಯ ಆ ಕ್ರೋಟನ್ ಅವರ ಜೀವ. ಅದರ ಕಡ್ಡಿಗಳನ್ನು ಒಂದು ಕಾಲಕ್ಕೆ ನಾವು ಬೇಕಾದಷ್ಟು ನೆಟ್ಟು ಮಾರಿದ್ದೆವು. ಆಮೇಲೆ ಜನರಿಗೆ ಅಗ್ಲೋನಿಮಾ ಬೇಕಾಯಿತು, ಗುಲಾಬಿ ಚುಕ್ಕೆಯದು, ಮೇಜಿನ ಮೇಲಿಡುವಂಥದು. ಹಳೆಯ ಕ್ರೋಟನ್ ಕೇಳುವವರೇ ಇಲ್ಲದೆ ಕಡ್ಡಿ ತೆಗೆಯುವುದನ್ನೂ ಬಿಟ್ಟೆವು. ಕೊನೆಗೆ ಉಳಿದದ್ದು ಮೂಲೆಯ ಆ ಒಂದು ತಾಯಿಗಿಡ.

ನನ್ನದೂ ಒಂದಿತ್ತು. ಯೆರವಡಾದ ಮನೆ ಬಿಟ್ಟು ಈ ಮೂರನೇ ಮಹಡಿಗೆ ಬರುವಾಗ, ಇಲ್ಲಿ ಬಿಸಿಲು ಬೀಳುವುದಿಲ್ಲವೆಂದು, ಪಕ್ಕದ ಮನೆಯ ಶಾಲನ್‌ತಾಯಿಯವರಿಗೆ ಸಂಕ್ರಾಂತಿಯ ಅರಿಸಿನ-ಕುಂಕುಮದ ದಿನ ಬಾಗಿನವೆಂದು ಕೊಟ್ಟು ಬಂದಿದ್ದೆ. ಏಳೆಂಟು ವರ್ಷದ ಮಾತು. ಅದು ಬದುಕಿದೆಯೋ ಇಲ್ಲವೋ ಆ ದೇವಿಗೇ ಗೊತ್ತು. ಸಂಗೀತಾಳಿಗೆ, ರವಿವಾರದ ತನಕ ಬಾಯಿ ಮುಚ್ಚಿಕೊಂಡಿರು, ಹುಡುಕಿ ನೋಡುತ್ತೇನೆ ಎಂದೆ. ಪುಂಡಿಪಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಸೀರೆ ಬದಲಿಸಿದೆ.

ನರ್ಸರಿಗೆ ಹೊಸದಾಗಿ ಸೇರಿರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಓದಿ ಹೇಳಲು ನಿಮ್ಮ ಅನುಭವ ಬರೆದುಕೊಡಿ ಎಂದು ಸಂಗೀತಾ ಬಹಳ ದಿನದಿಂದ ಹೇಳುತ್ತಿದ್ದಳು. ನಾನೇನು ಬರೆಯುವವಳೇ? ಮನೆ ನಡೆಸಿದವಳು. ಆದರೆ ಈ ನಾಲ್ಕು ದಿನಗಳಲ್ಲಿ ಆದದ್ದನ್ನು ಹೇಳದೆ ಇರಲಾರೆ. ಅದನ್ನು ಹೇಳಬೇಕಾದರೆ ಹಿಂದಿನದೂ ಬರಬೇಕು.

ನಾನು ಕೆಲಸಕ್ಕೆ ಸೇರಿದಾಗ ನಮ್ಮವರು ಚಾಕಣದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಹೋಗುತ್ತಿದ್ದರು. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನು, ನಮ್ಮ ಅತ್ತೆ ಇಬ್ಬರೇ. ನರ್ಸರಿ ಸೋಲಾಪುರ ರಸ್ತೆಯ ಮೇಲೆ. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಸಿಟಿ ಬಸ್ಸು ತಪ್ಪಿದ ದಿನ ಇಂದಾಪುರದ ಎಸ್.ಟಿ. ಬಸ್ಸಿನವರು ಗೇಟಿನ ಮುಂದೆ ನಿಲ್ಲಿಸಿ ಇಳಿಸುತ್ತಿದ್ದರು. ಕುಂಡ ಹೊತ್ತು ಬಂದರೂ ಒಬ್ಬ ಕಂಡಕ್ಟರೂ ಬೈದವನಲ್ಲ. ಇಂಥವನ್ನೆಲ್ಲ ನಾನು ದೇವರು ಮಾಡಿದ ಉಪಕಾರದ ಲೆಕ್ಕದಲ್ಲೇ ಇಟ್ಟಿದ್ದೇನೆ.

ಹೂವಿನ ಗಿಡಕ್ಕಿಂತ ಬಣ್ಣದೆಲೆಯ ಗಿಡ ಸುಲಭವೆಂದು ಸೇರಿದವರೆಲ್ಲ ತಿಳಿಯುತ್ತಾರೆ. ನಾನೂ ತಿಳಿದಿದ್ದೆ. ಹೂವು ಬಾಡಿದರೆ ಇನ್ನೊಂದು ಬಿಡುತ್ತದೆ, ಎಲೆ ಕೆಟ್ಟರೆ ಗಿಡದ ಮುಖವೇ ಕೆಟ್ಟಂತೆ. ಸೇರಿದ ಮೊದಲ ವಾರ ಒಂದು ಕಂಪನಿಯ ಬಾಗಿಲಿಗೆ ಇಡಲು ನಲವತ್ತು ಕುಂಡ ಹೋಗಬೇಕಿತ್ತು. ಎಲೆ ಒರೆಸಿ ಹೊಳಪು ತರಬೇಕೆಂದು ಕಾಕಾ ಹೇಳಿ ಹೋದರು. ಬರೀ ನೀರಿನ ಬಟ್ಟೆಯಲ್ಲಿ ಎಂದು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ನಾನು ನರ್ಸರಿಯ ಅಡುಗೆ ಕೋಣೆಯಿಂದ ಶೇಂಗಾ ಎಣ್ಣೆ ತಂದು, ಮಕ್ಕಳ ತಲೆಗೆ ಹಚ್ಚುವ ಹಾಗೆ, ನಲವತ್ತೂ ಕುಂಡದ ಎಲೆ ಎಲೆಗೂ ಹಚ್ಚಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಕಂದಿ, ಹೆದ್ದಾರಿಯ ಧೂಳೆಲ್ಲ ಅಂಟಿ, ಕರಿದ ಹಪ್ಪಳದ ಹಾಗೆ ಆಗಿದ್ದವು. ಕಾಕಾ ಸುತ್ತ ತಿರುಗಿ ನೋಡಿದರು. ಸಿಟ್ಟು ಮಾಡಲಿಲ್ಲ.

"ಎಣ್ಣಿ ಆತು. ಸಾಸವಿ ಜೀರಿಗಿ ಯಾವಾಗ ಹಾಕತೀರಿ ಸುಶೀಲಾಬಾಯಿ?" ಎಂದರು.

ಒಂದು ತಿಂಗಳು ಎಲ್ಲರೂ ನನ್ನನ್ನು ಒಗ್ಗರಣೆಯ ಬಾಯಿ ಎಂದೇ ಕರೆದರು.

ಅದೇ ವರ್ಷ ಚಳಿಗಾಲದಲ್ಲಿ ಕೆಲೇಡಿಯಂ ಗಿಡಗಳು ಒಂದೊಂದಾಗಿ ಎಲೆ ಉದುರಿಸಿ ಮಲಗಿದವು. ಬಿಳಿ-ಕೆಂಪು ಹೃದಯದಂಥ ಎಲೆ, ಕೆಸುವಿನ ಜಾತಿ, ಅದು ನಿಮಗೆ ಗೊತ್ತು. ಸತ್ತವೆಂದು ನಾನು ದಿನಾ ಎರಡು ಹೊತ್ತು ನೀರು ಹಾಕಿದೆ, ಕಣ್ಣಲ್ಲೂ ನೀರು. ಅವು ಸತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದವು. ನನ್ನ ನೀರಿಗೇ ಗಡ್ಡೆ ಕೊಳೆತು ಆಮೇಲೆ ಸತ್ತವು. ಮಲಗಿದ ಗಿಡವನ್ನು ಎಬ್ಬಿಸಬಾರದು, ಗಡ್ಡೆಯನ್ನು ಒಣ ಉಸುಕಿನಲ್ಲಿಟ್ಟು ಹೋಳಿ ಹುಣ್ಣಿಮೆಯ ತನಕ ಮರೆತುಬಿಡಬೇಕು. ನೀರು ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಕದೆ ಇರುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನೊಂದು ಮಾತು, ಸಂಕೋಚವಿಲ್ಲದೆ ಹೇಳುತ್ತೇನೆ. ಮುಟ್ಟಾದ ದಿನಗಳಲ್ಲಿ ಹೆಂಗಸರು ನೆಟ್ಟ ಕಡ್ಡಿ ಹತ್ತುವುದಿಲ್ಲವೆಂದು ಹಳಬರು ಹೇಳುತ್ತಿದ್ದರು. ನಾನು ಮಡಿಯವಳು, ಆ ದಿನಗಳಲ್ಲಿ ಬರೀ ಕುಂಡಕ್ಕೆ ಮಣ್ಣು ತುಂಬುತ್ತಿದ್ದೆ. ಒಂದು ಸಲ ಅವಸರದ ಕೆಲಸ, ಆಳು ಕಡಿಮೆ, ದೇವರಿಗೆ ತಪ್ಪೊಪ್ಪಿಕೊಂಡು ಒಂದು ಸಾಲು ನೆಟ್ಟೆ, ಗುರುತಿಗೆ ಒಂದು ಕಲ್ಲಿಟ್ಟೆ. ಕಲ್ಲಿನ ಸಾಲು ಉಳಿದ ಸಾಲಿನ ಹಾಗೆಯೇ ಚಿಗುರಿತು. ದೇವರ ಮನೆಯ ನೇಮ ನಮ್ಮ ಅತ್ತೆಯದು, ಅದನ್ನು ನಾನು ಮುರಿದಿಲ್ಲ. ಕಡ್ಡಿಗೆ ಮಾತ್ರ ಆ ನೇಮವಿಲ್ಲ. ಹಾಜರಿ ತಪ್ಪಿಸಬೇಡಿ.

ಕ್ರೋಟನ್ ಹಾಲಿನ ವಿಷಯ ಮಾತ್ರ ಮರೆಯಬೇಡಿ. ಕಡ್ಡಿ ಮುರಿದಲ್ಲಿ ಬಿಳಿ ಹಾಲು ಒಸರುತ್ತದೆ. ಸೀರೆಗೆ ತಾಗಿದರೆ ಕಂದು ಕಲೆ, ಯಾವ ಸಾಬೂನಿಗೂ ಬಗ್ಗುವುದಿಲ್ಲ. ಒಣಗುವ ಮೊದಲು ಅದರ ಮೇಲೆ ಏನು ಬಿದ್ದರೂ ಹಿಡಿದುಕೊಂಡುಬಿಡುತ್ತದೆ. ನನ್ನ ಕಥೆ ಸಿಕ್ಕಿಕೊಂಡಿರುವುದೂ ಆ ಹಾಲಿನಲ್ಲೇ.

ಬೇರೆ ನರ್ಸರಿಯವರು ಕೇರಳದಿಂದ, ಕಲ್ಕತ್ತಾದಿಂದ ಹೊಸ ಹೊಸ ಬಣ್ಣ ತರಿಸುತ್ತಿದ್ದರು. ಕಾಕಾ ಅವರಿಗೆ ಒಂದೇ ಆಸೆ: ತಮ್ಮ ಮಣ್ಣಿನಲ್ಲೇ ಹುಟ್ಟಿದ ಒಂದು ಬಣ್ಣ. ಹಾಗೆ ಎಂದಾದರೊಮ್ಮೆ ಆಗುತ್ತದೆ, ಇದ್ದಕ್ಕಿದ್ದಂತೆ ಗಿಡದ ಒಂದೇ ಟೊಂಗೆ ಬೇರೆ ಬಣ್ಣ ತಾಳುತ್ತದೆ. ನಾನು ಸೇರಿದ ಆರನೇ ವರ್ಷವಿರಬೇಕು, ಮೂಲೆಯ ಕುಂಡದಲ್ಲಿ ಸಾದಾ ಹಸಿರು-ಹಳದಿ ಕ್ರೋಟನ್ನಿನ ಒಂದು ಟೊಂಗೆಯಲ್ಲಿ ದಾಸವಾಳದಂಥ ಕೆಂಪು ಎಲೆ ಬಂತು. ನಡುವೆ ಚಿನ್ನದ ಗೆರೆ, ತುದಿಯಲ್ಲಿ ಒಂದು ಸುತ್ತು ತಿರುವು, ಜಿಲೇಬಿಯ ತುದಿಯ ಹಾಗೆ. ಕಾಕಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಷ್ಟೋ ಹೊತ್ತು ಏಳಲಿಲ್ಲ.

ಆ ಟೊಂಗೆಗೆ ಗೂಟಿ ಕಟ್ಟಿದೆವು. ಅಂದರೆ ಟೊಂಗೆಯ ಸುತ್ತ ಬೆರಳಗಲ ತೊಗಟೆ ಬಿಡಿಸಿ, ಅಲ್ಲಿ ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ಕಿನಿಂದ ಬಿಗಿಯುವುದು. ಒಂದೆರಡು ತಿಂಗಳಿಗೆ ಅಲ್ಲೇ ಬೇರು ಬಿಡುತ್ತದೆ. ಅಷ್ಟರಲ್ಲಿ ಹಳೆಯ ಶೆಡ್ಡು ಕೆಡವಿ ಹೊಸದು ಕಟ್ಟಲು ಶುರುವಾಯಿತು, ಎಲ್ಲೆಲ್ಲೂ ಸಿಮೆಂಟಿನ ಧೂಳು. ಕಾಕಾ ಆ ಕುಂಡವನ್ನು ಟೆಂಪೋದ ಮುಂದಿನ ಸೀಟಿನಲ್ಲಿಟ್ಟು ನಮ್ಮ ಯೆರವಡಾದ ಮನೆಗೆ ತಂದಿಳಿಸಿದರು. ನಮ್ಮ ಅಂಗಳಕ್ಕೆ ಬೆಳಗಿನ ಬಿಸಿಲು ಚೆನ್ನಾಗಿತ್ತು.

"ಮಗಳ್ನ ಬಾಣಂತನಕ್ಕ ತವರಿಗೆ ಕಳಸಿದ್ಹಂಗ ಕಳಸಾಕತ್ತೀನಿ," ಎಂದರು. "ಎರಡೂ ಜೀವ ಹುಷಾರಿಂದ ತಿರುಗಿ ಕೊಡ್ರಿ."

ಗೂಟಿ ಕಟ್ಟಿ ಒಂದು ತಿಂಗಳ ಹತ್ತಿರ ಬಂತು. ಪ್ಲಾಸ್ಟಿಕ್ಕಿನ ಒಳಗೆ ಬೇರು ಇನ್ನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ನವರಾತ್ರಿ.

ನಮ್ಮ ಮನೆಯಲ್ಲಿ ಘಟ ಕೂಡಿಸುವ ಪದ್ಧತಿ. ಪಾಡ್ಯದ ದಿನ ಮಣ್ಣು ಹರವಿ ಗೋದಿ, ಜೋಳ ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಘಟ ಇಟ್ಟು, ಬಾಯಿಗೆ ಐದೆಲೆಯ ಟೊಂಗೆ, ಮೇಲೆ ತೆಂಗಿನಕಾಯಿ. ಪಕ್ಕದಲ್ಲಿ ನಂದಾದೀಪ, ಒಂಬತ್ತು ದಿನ ಆರುವ ಹಾಗಿಲ್ಲ. ಘಟವನ್ನೂ ಒಂಬತ್ತು ದಿನ ಅಲುಗಿಸುವ ಹಾಗಿಲ್ಲ. ಆ ವರ್ಷ ಮಂಡಿಯಿಂದ ತಂದ ಮಾವಿನ ಟೊಂಗೆಯ ಎಲೆಗಳನ್ನು ಹುಳ ತಿಂದಿತ್ತು. ದೇವಿಗೆ ಹರಕು ಎಲೆ ಇಡಲು ಅತ್ತೆಗೆ ಮನಸ್ಸಾಗಲಿಲ್ಲ. ನಾನು ಬಚ್ಚಲಲ್ಲಿದ್ದೆ. ಹೊರಗೆ ಬರುವಷ್ಟರಲ್ಲಿ ಘಟ ಕೂತಿತ್ತು, ದೀಪ ಹತ್ತಿತ್ತು, ತೆಂಗಿನಕಾಯಿಯ ಸುತ್ತ ಐದು ಕೆಂಪು ಎಲೆ ಚಿನ್ನದ ಗೆರೆ ತೋರಿಸುತ್ತ ನಿಂತಿದ್ದವು.

ಅಂಗಳಕ್ಕೆ ಓಡಿದೆ. ತೊಗಟೆ ಬಿಡಿಸಿದ್ದ ಜಾಗದಲ್ಲೇ ಟೊಂಗೆ ಮುರಿದಿತ್ತು. ಪಾಚಿ, ಪ್ಲಾಸ್ಟಿಕ್ಕು ಕಸದ ಡಬ್ಬಿಯಲ್ಲಿದ್ದವು.

"ಯಾರೋ ಹುಡುಗೂರು ಕಸಾ ಕಟ್ಟಿದ್ರು, ಬಿಚ್ಚಿ ಒಗದೆ," ಎಂದರು ಅತ್ತೆ. "ಮುರದ್ರ ಚಟ್ಟಂತ ಬಂತು ನೋಡು. ದೇವೀನ ಕೈಗೆ ಕೊಟ್ಟಂಗಾತು."

ಅದು ಏನು, ಯಾರದು, ಅದಕ್ಕಾಗಿ ಒಬ್ಬ ಮನುಷ್ಯ ಎಷ್ಟು ವರ್ಷ ಕಾದಿದ್ದಾನೆ, ಎಲ್ಲ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು. ಆದರೆ ತೆಗೆಯೋಣವೇ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅತ್ತೆ ಅಂದರು: "ಘಟ ಕೂಡಿಸಿದ ಮ್ಯಾಲೆ ಅಕೀದು. ಒಂಬತ್ತು ದಿನ ಅಕೀ ಕೈಯಾಗಿರಲಿ. ಅಕಿ ಕಾಯಲಾರದ್ದು ನಾವೇನ ಕಾಯತೀವಿ?"

ಆ ಒಂಬತ್ತು ದಿನ ದಿನಾ ಬೆಳಿಗ್ಗೆ ನರ್ಸರಿಯಲ್ಲಿ ಕಾಕಾ ಕೇಳುತ್ತಿದ್ದರು, "ಬಾಣಂತಿ ಹೆಂಗದಾಳ?" ನಾನು ತಲೆ ಎತ್ತದೆ, "ದೇವಿ ಕೈಯಾಗ ಅದಾಳ್ರಿ," ಎನ್ನುತ್ತಿದ್ದೆ. ಸುಳ್ಳು ಹೇಳಿದಂತಾಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಘಟದ ಮುಂದೆ ಕೂರುತ್ತಿದ್ದೆ. ಉಳಿದ ವರ್ಷಗಳಲ್ಲಿ ಮಕ್ಕಳಿಗೆ ವಿದ್ಯೆ ಕೊಡು, ಮನೆಯವರಿಗೆ ಆರೋಗ್ಯ ಕೊಡು ಎಂದು ಬೇಡಿದವಳು ಆ ವರ್ಷ ಬೇರು ಕೊಡು ಎಂದು ಬೇಡಿದೆ. ಅತ್ತೆ ದಿನಾ ಒಂದು ಮಾಲೆ ಏರಿಸುವರು, ಘಟಕ್ಕೆ ನೀರು ಹನಿಸುವರು, ಘಟಕ್ಕೂ ಕಾಯಿಗೂ ಟೊಂಗೆಗೂ ಅರಿಸಿನ-ಕುಂಕುಮ ಹಚ್ಚುವರು. ಆರನೇ ದಿನ ಜೋಳದ ಸಸಿ ಎದ್ದಿತು. ಎಲೆಗಳು ಮಾತ್ರ ಕೂತಲ್ಲೇ ಕೂತಿದ್ದವು. ಒಂದೂ ಬಾಡಲಿಲ್ಲ, ಉದುರಲೂ ಇಲ್ಲ. ಬಾಡದಿದ್ದರೆ ಭರವಸೆ ಇದೆ ಎಂದು ಕಡ್ಡಿ ನೆಡುವವರಿಗೆಲ್ಲ ಗೊತ್ತು.

ದಸರೆಯ ದಿನ ಪೂಜೆ ಮುಗಿಸಿ ಅತ್ತೆ ಘಟವನ್ನು ಅಲುಗಿಸಿದರು. ಕಾಯಿ ಎತ್ತಿದರು. ಟೊಂಗೆಯನ್ನೂ ಅವರೇ ಎತ್ತಿದರು. ಮುರಿದ ಬುಡದ ಸುತ್ತ ಹೊಸ ಅಕ್ಕಿ ಕಾಳಿನಂಥ ಬೆಳ್ಳನೆಯ ಬೇರು, ಉಗುರುದ್ದ, ಎಣಿಸಿದರೆ ಏಳು.

ಅತ್ತೆ ಜೋಳದ ಸಸಿ ಕಿತ್ತು ನನ್ನ ಮುಡಿಗೆ ಸಿಕ್ಕಿಸಿದರು. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು.

ಇದರಲ್ಲಿ ಕಸುಬಿನ ಮಾತೂ ಇದೆ, ಹೇಳಿಬಿಡುತ್ತೇನೆ. ಗೂಟಿ ಕಟ್ಟಿ ತಿಂಗಳ ಹತ್ತಿರವಾಗಿತ್ತು, ಬೇರು ಬಿಡಲು ಬುಡ ಒಳಗೇ ತಯಾರಾಗಿತ್ತು. ಮಣ್ಣಿನ ಘಟದ ನೀರು ಕೆಡುವುದಿಲ್ಲ. ನಂದಾದೀಪದ ಬೆಚ್ಚಗೆ ರಾತ್ರಿ ಹಗಲು ಒಂದೇ ಸಮ. ಮಾಲೆಗಳ ತಂಪು ಸುತ್ತಲೂ. ಕಡ್ಡಿಗೆ ಬೇಕಾದದ್ದೆಲ್ಲ ದೇವರ ಕೋಣೆಯಲ್ಲಿತ್ತು. ದೇವಿ ಮಾಡಿದಳು ಎನ್ನುವುದೂ ನಿಜ, ಹೀಗೆ ಮಾಡಿದಳು ಎನ್ನುವುದೂ ನಿಜ. ನನಗೆ ಎರಡರಲ್ಲಿ ಜಗಳ ಕಂಡಿಲ್ಲ.

ಉಸುಕು, ಎಲೆಗೊಬ್ಬರ ಬೆರೆಸಿ ಕುಂಡಕ್ಕೆ ನೆಟ್ಟು, ಎರಡು ವಾರ ಪ್ಲಾಸ್ಟಿಕ್ ಚೀಲ ಕವಿಚಿಟ್ಟು, ತಾಯಿ-ಮಗು ಎರಡನ್ನೂ ಕಾಕಾ ಅವರಿಗೆ ಒಪ್ಪಿಸಿದೆ. ಅವರು ಕುಂಡವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಗೂಟಿ ಚೆನ್ನಾಗಿ ಹತ್ತಿತೇ ಎಂದು ಕೇಳಿದರು. ಹೌದೆಂದೆ. ಘಟದ ಮಾತು ಬಾಯಿಗೆ ಬರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ಅತ್ತೆಯ ಹೆಸರು ಕೆಟ್ಟೀತೆಂಬ ಹೆದರಿಕೆ. ಆಮೇಲೆ ಹೇಳೋಣವೆಂದು ವರ್ಷಗಳು ಹೋದವು. ಹಸಿರು-ಹಳದಿಯ ಆ ಹಳೆಯ ತಾಯಿಗಿಡ ಮರುವರ್ಷವೇ ಮುಪ್ಪಾಗಿ ಹೋಯಿತು. ಈ ಮಗುವೇ ಮೂಲೆಯ ಕ್ರೋಟನ್ ಆಯಿತು, ಅದರಿಂದ ನೂರಾರು ಕುಂಡವಾದವು.

ಒಂದು ಮಾತ್ರ ಮಾಡಿದೆ. ಕಡ್ಡಿ ನೆಡುವ ಮಡಿಯ ನಡುನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಹೂಳೋಣ, ಚಳಿಯಲ್ಲಿ ಮೇಲೆ ಬಲ್ಬು ಇಳಿಬಿಡೋಣ ಎಂದು ಕೇಳಿದೆ. ಕಾಕಾ ಮರುದಿನವೇ ಗಡಿಗೆ ತರಿಸಿದರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಲಿಲ್ಲ. ಕೇಳದೆ ಬಿಟ್ಟರಲ್ಲ ಎಂದು ಅದನ್ನೂ ಉಪಕಾರವೆಂದೇ ತಿಳಿದೆ. ಈಗ ನಿಮಗೆ ತೆಂಗಿನ ನಾರಿನ ಪುಡಿ, ತೂತಿನ ತಟ್ಟೆ, ತಾನೇ ಮಂಜು ಊದುವ ಯಂತ್ರ ಎಲ್ಲ ಬಂದಿವೆ. ಬರಲಿ. ಕರೆಂಟು ಹೋದ ದಿನ ಗಡಿಗೆಯನ್ನು ನೆನಪಿಡಿ.

ಗುರುವಾರ ಯೆರವಡಾಕ್ಕೆ ಹೋದೆ. ಶಾಲನ್‌ತಾಯಿ ನನ್ನನ್ನು ಕಂಡು ಮೊದಲು ಚಹಾಕ್ಕಿಟ್ಟರು, ಆಮೇಲೆ ನನ್ನ ಮಾತು ಕೇಳಿಸಿಕೊಂಡರು. ಗಿಡ ಇದೆ, ಎಲ್ಲಿಗೆ ಹೋಗುತ್ತದೆ, ನೀವು ಬಾಗಿನ ಕೊಟ್ಟದ್ದನ್ನು ಸಾಯಲು ಬಿಡುತ್ತೇನೆಯೇ ಎಂದು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದರು. ಎದೆಮಟ್ಟ ಬೆಳೆದ ಗಿಡ, ದಷ್ಟಪುಷ್ಟ. ಒಂದು ಎಲೆಯಲ್ಲೂ ಕೆಂಪಿಲ್ಲ. ಬರೀ ಹಸಿರು, ಕರಿಬೇವಿನಂತೆ. ಬಿಸಿಲು ತಾಗಿ ಬಾಡಬಾರದೆಂದು ಆ ಪುಣ್ಯಾತ್ಮರು ಏಳೆಂಟು ವರ್ಷ ಅದನ್ನು ನೆರಳಲ್ಲಿ ಸಾಕಿದ್ದರು. ಪ್ರೀತಿಯ ತಪ್ಪು, ನನ್ನ ಶೇಂಗಾ ಎಣ್ಣೆಯಂಥದೇ. ನಾನು ಕೈ ಮುಗಿದೆ. ಗಿಡವನ್ನು ಅವರೇ ರಿಕ್ಷಾದ ತನಕ ಹೊತ್ತು ತಂದರು. ಬದಲಿಗೆ ಒಂದು ಕಡ್ಡಿ ನೆಟ್ಟುಕೊಡಬೇಕೆಂದು ಮಾತು ತೆಗೆದುಕೊಂಡರು.

ಆದರೆ ರವಿವಾರಕ್ಕೆ ನಡುವೆ ಎರಡೇ ದಿನ. ಕೆಂಪು ಬರಲು ಹೊಸ ಎಲೆ ಮೂಡಬೇಕು, ಅದಕ್ಕೆ ಬಿಸಿಲು ಬಡಿಯಬೇಕು, ಒಂದು ತಿಂಗಳಿಗಿಂತ ಕಡಿಮೆ ಸಾಲದು. ನರ್ಸರಿಗೆ ತಂದಿಳಿಸಿದಾಗ ಸಂಗೀತಾ ಗಿಡ ನೋಡಿ ಬೆವತಳು. ಕಾಕಾ ಅವರಿಗೆ, ಕೀಟದ ಔಷಧ ಹೊಡೆದಿದ್ದೇವೆ, ಮೂಲೆಗೆ ಹೋಗಬೇಡಿ ಎಂದು ಹೇಳೋಣವೇ ಎಂದಳು. ಒಂದು ಮಾತು ಮುಚ್ಚಿಟ್ಟು ನಾನು ಎಷ್ಟು ವರ್ಷ ಹೊತ್ತಿದ್ದೇನೆಂದು ಅವಳಿಗೇನು ಗೊತ್ತು. ಬೇಡ, ನಾನೇ ಹೇಳುತ್ತೇನೆ ಎಂದೆ.

ರವಿವಾರ ಕಾಕಾ ಬಂದರು. ಮೂಲೆಯಲ್ಲಿ ಹಸಿರು ಗಿಡ. ನಾನು ಪಕ್ಕದಲ್ಲಿ ನಿಂತು, ಮಳೆಯ ನೀರಿನಿಂದ ಹಿಡಿದು ಶುರುಮಾಡಿದವಳು ಹಾಗೇ ಹಿಂದೆ ಹಿಂದೆ ಹೋಗಿ ಘಟದ ತನಕ ಎಲ್ಲ ಹೇಳಿ ಮುಗಿಸಿದೆ. ಕಾಕಾ ಗಿಡದ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು, ತುದಿಯ ಆ ಜಿಲೇಬಿ ತಿರುವನ್ನು ಬಿಡಿಸಿ ನೋಡಿ, ಬಿಟ್ಟರು. ಅದು ಮತ್ತೆ ಸುತ್ತಿಕೊಂಡಿತು.

"ಇಕಿ ಅಕೀನ," ಎಂದರು. "ಬಿಸಲಾಗ ಇಡ್ರಿ. ದಸರಾಕ್ಕ ಕೆಂಪ ಆಗ್ತಾಳ."

"ಘಟದ ಮಾತು ಮುಚ್ಚಿಟ್ಟಿದ್ದಕ್ಕ ಸಿಟ್ಟಿಲ್ಲೇನ್ರಿ ಕಾಕಾ?"

"ಮುಚ್ಚಿಟ್ಟಿದ್ರಿ ಅಂತ ಯಾರಂದ್ರು?" ಕಾಕಾ ನಕ್ಕರು, ಈಗ ಮುಂದಿನ ಹಲ್ಲು ಎರಡೇ. "ನೀವು ಕುಂಡ ತಂದುಕೊಟ್ಟ ದಿನಾನ ನೋಡೀನಿ. ಕಾಂಡದ ಹಾಲಿನ್ಯಾಗ ಕುಂಕುಮ ಮೆತ್ತಿ ಒಣಗಿತ್ತು. ಗೂಟಿ ಕಟ್ಟಿ ಕಟ್ಟಿ ನನ್ನ ಕೈ ಸವದಾವ, ಕುಂಕುಮ ಹಚಗೊಂಡು ಬಂದ ಗೂಟಿ ಅದೊಂದ. ಆಮ್ಯಾಲೆ ನೀವು ಗಡಿಗಿ ಹೂಳೋಣು ಅಂದ್ರಿ. ಉಳದದ್ದೂ ತಿಳೀತು."

"ಮತ್ತ ಅಂವತ್ತ ಯಾಕ ಕೇಳಲಿಲ್ಲರಿ?"

"ಬಾಣಂತಿ ಆರಾಮಿದ್ದಳಲ್ಲ. ಹೆರಿಗಿ ಹೆಂಗಾತು ಅಂತ ಗಂಡಸರು ಕೇಳಬಾರದು."

ಸಂಗೀತಾಳಿಗೆ ಕನ್ನಡ ಅರ್ಧ ತಿಳಿಯುತ್ತದೆ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನನ್ನ ಅತ್ತೆ ಹೋಗಿ ಐದು ವರ್ಷವಾಯಿತು. ಇದನ್ನು ಅವರಿಗೆ ಹೇಳಲಾಗಲಿಲ್ಲ ಎನ್ನುವುದೊಂದೇ ಕೊರತೆ. ಅವರಿದ್ದರೆ, ಅಂವಾ ನೋಡ್ಯಾನಂತ ನಂಗ ಗೊತ್ತಿತ್ತು ಬಿಡು ಎಂದೇ ಅನ್ನುತ್ತಿದ್ದರು.

ಗಿಡವನ್ನು ನಾವು ಮೂವರೂ ಸೇರಿ ಬಿಸಿಲಿನ ಕಡೆಗೆ ತಿರುಗಿಸಿ ಇಟ್ಟೆವು, ಅಂದರೆ ಕಾಕಾ ಕುರ್ಚಿಯಿಂದ ಬೆರಳು ತೋರಿಸಿದರು, ನಾವಿಬ್ಬರು ಎತ್ತಿದೆವು. ಮೂರು ಕಡ್ಡಿ ಕತ್ತರಿಸಿ ಗಡಿಗೆಯ ಪಕ್ಕ ನೆಟ್ಟೆ. ಒಂದು ಶಾಲನ್‌ತಾಯಿಯವರದು, ಒಂದು ನರ್ಸರಿಯದು. ಇನ್ನೊಂದು ಇದನ್ನು ಕೇಳುವ ನಿಮ್ಮಲ್ಲಿ ಯಾರು ಮೊದಲು ಕೈ ಚಾಚುತ್ತೀರೋ ಅವರದು. ಬಿಸಿಲಲ್ಲಿ ಇಡಬೇಕು, ಎಣ್ಣೆ ಹಚ್ಚಬಾರದು.

ಮನೆಗೆ ಬಂದು ಕೈ ತೊಳೆದರೂ ಬೆರಳ ಸಂದಿಯಲ್ಲಿ ಕ್ರೋಟನ್ ಹಾಲು ಉಳಿದೇ ಇತ್ತು. ಗುರುವಾರ ಸೋಸಿಟ್ಟ ಪುಂಡಿಪಲ್ಲೆ ಒದ್ದೆ ಬಟ್ಟೆಯಲ್ಲಿ ಇನ್ನೂ ಹಸಿಯಾಗಿತ್ತು, ಒಂದೆಲೆಯೂ ಕೆಟ್ಟಿರಲಿಲ್ಲ. ದೇವರಿಗೆ ದೀಪ ಹಚ್ಚಿ, ಪಲ್ಲೆ ತೊಳೆದು ಒಲೆಯ ಮೇಲಿಟ್ಟು, ರೊಟ್ಟಿಗೆ ಜೋಳದ ಹಿಟ್ಟು ನಾದಲು ಕೂತೆ.